ಶ್ರವಣಬೆಳಗೊಳದಿಂದ ಶೃಂಗೇರಿಗೆ ಒಬ್ಬಳೇ ನಡೆದು ಹೋಗಬೇಕು. ಭಯಕ್ಕೆ ಏನು ಮಾಡೋದು?

ಹೇಮಾವತಿ ನೀರು (ಹಾಸನ)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ರಜೆ ಸಿಗುತ್ತಿದೆ. ಶ್ರವಣಬೆಳಗೊಳದಿಂದ ಹೊರಟು ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ, ಹೊರನಾಡು ಮುಟ್ಟಿ ಶೃಂಗೇರಿಗೆ ನಡೆದುಕೊಂಡು ಹೋಗಬೇಕು ಅಂತಿದ್ದೇನೆ. 200 ಕಿಲೋಮೀಟರ್ ದಾಟುತ್ತದೆ. ಬೆನ್ನಿಗೊಂದು ಬ್ಯಾಗು, ಜೊತೆಗೆ ಯಾರೂ ಇಲ್ಲ.

ಮುಳ್ಳಯ್ಯನಗಿರಿ, ಕುಮಾರ ಪರ್ವತ ಎಲ್ಲ ಗುಂಪಿನಲ್ಲಿ ಹತ್ತಿದ್ದೇನೆ. ಕಾಲಿನ ಬಗ್ಗೆ ಅಷ್ಟು ಚಿಂತೆ ಇಲ್ಲ. ಚಿಂತೆ ಇರುವುದು ತಲೆಯದು. ಗೊತ್ತಿಲ್ಲದ ಊರಲ್ಲಿ ಕತ್ತಲಾದರೆ? ಬೈಕಿನವರು ಹಿಂದೆ ಬಂದರೆ? ಕೊಟ್ಟಿಗೆಹಾರ ದಾಟಿದ ಮೇಲೆ ಸಿಗ್ನಲ್ ಹೋದರೆ? ಇದೆಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು ಇನ್ನೊಂದು. ಅರ್ಧ ದಾರಿಯಲ್ಲಿ ಸಾಕಾಗಿ ವಾಪಸ್ ಬಂದರೆ ಆಫೀಸಿನಲ್ಲಿ, ಮನೆಯಲ್ಲಿ ಎಲ್ಲರೂ ನಗುತ್ತಾರಲ್ಲ, ಅದು.

ಅಮ್ಮ ಕೇಳಿದ್ದು ಒಂದೇ ಮಾತು, "ಹರಕೆ ಏನಾದರೂ ಇದೆಯೇನೇ?" ಇಲ್ಲ ಅಂದೆ. "ಹಾಗಾದರೆ ಬಸ್ಸಿಗೇನಾಗಿದೆ?" ಅಂದರು. ಉತ್ತರ ಹೊಳೆಯಲಿಲ್ಲ.

ಒಬ್ಬೊಬ್ಬರೇ ದೂರ ನಡೆದವರು ಇದ್ದರೆ ಹೇಳಿ. ಬೇಡ ಅನ್ನುವವರು ಕಾರಣ ಕೊಟ್ಟು ಬೇಡ ಅನ್ನಿ.

ಆಲೂರಿನವ

ಮೇಡಂ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಆನೆ ವಿಷಯ ಮಾತಾಡೋಣ.

ನಮ್ಮ ಕಡೆ ಆನೆ ನೋಡಲು ಕಾಡಿಗೆ ಹೋಗಬೇಕಿಲ್ಲ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಸೀಮೆಯಲ್ಲಿ ಅವು ಕಾಫಿ ತೋಟದಲ್ಲೇ ಇರುತ್ತವೆ. ಹಗಲು ತೋಟದ ನೆರಳಲ್ಲಿ ನಿಂತಿದ್ದು ಕತ್ತಲಾದ ಮೇಲೆ ಗದ್ದೆಗೆ ಇಳಿಯುತ್ತವೆ. ನೀವು ಹೇಳುತ್ತಿರುವ ಡಿಸೆಂಬರ್ ಭತ್ತ ಕೊಯ್ಲಿನ ಕಾಲ. ಅವಕ್ಕೂ ಅದು ಗೊತ್ತು.

ಬೇಲೂರು ದಾಟಿದ ಮೇಲೆ ಮುಖ್ಯ ರಸ್ತೆ ಬಿಡಬೇಡಿ. ಬಿಕ್ಕೋಡು, ಅರೇಹಳ್ಳಿ ಕಡೆಯ ಒಳದಾರಿ ಚೆನ್ನಾಗಿದೆ ಅಂತ ಯಾರಾದರೂ ಹೇಳಿದರೂ ಬೇಡ. ಬೆಳಿಗ್ಗೆ ಪೂರ್ತಿ ಬೆಳಕಾದ ಮೇಲೆ ಹೊರಡಿ, ಸಂಜೆ 5ರೊಳಗೆ ಒಂದು ಮನೆಯೋ ಲಾಡ್ಜೋ ಸೇರಿಕೊಳ್ಳಿ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನಡೆಯಲೇಬೇಡಿ. ಕೊಂಬೆ ಮುರಿಯುವ ಸದ್ದು ಕೇಳಿದರೆ, ಬಿಸಿ ಲದ್ದಿ ಕಂಡರೆ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ. ವಿಡಿಯೊ ಮಾಡಲು ನಿಲ್ಲುವವರನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಹಿಂಡು ಎಲ್ಲಿದೆ ಅಂತ ಹಳ್ಳಿಯವರಿಗೆ ತಿಳಿಸುತ್ತಿರುತ್ತಾರೆ. ಆ ಸುದ್ದಿ ಟೀ ಅಂಗಡಿಗೆ ಬಂದೇ ಬರುತ್ತದೆ. ಪ್ರತಿ ಬೆಳಿಗ್ಗೆ ಅಲ್ಲಿ ಕೇಳಿ, "ಇವತ್ತು ಯಾವ ಕಡೆ ಇದಾವಣ್ಣಾ?" ಅಷ್ಟು ಸಾಕು. ಅರಣ್ಯ ಇಲಾಖೆ ಸಹಾಯವಾಣಿ 1926, ತುರ್ತಿಗೆ 112. ಎರಡನ್ನೂ ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಫೋನ್ ಸತ್ತಾಗ ಬೇರೆಯವರ ಫೋನಿನಿಂದ ಮಾಡಬಹುದು.

ಸುಮ್ನೆ ಕೇಳ್ದೆ

ನಾಲ್ಕು ಜನ ಫ್ರೆಂಡ್ಸ್ ಕರೆದುಕೊಂಡು ಹೋದರೆ ಈ ತಲೆನೋವು ಯಾವುದೂ ಇಲ್ಲ. ಒಬ್ಬರೇ ಹೋಗಿ ಏನು ಸಾಬೀತು ಮಾಡಬೇಕು?

ಹೇಮಾವತಿ ನೀರು (ಹಾಸನ)

ಸಾಬೀತು ಏನಿಲ್ಲ. ನಾಲ್ಕು ಜನಕ್ಕೆ ಒಟ್ಟಿಗೆ ರಜೆ ಸಿಗುವುದಕ್ಕೆ ಕಾದು ಕಾದು ವರ್ಷಗಳಾದವು. ಇನ್ನೊಂದು ವಿಷಯ, ಗುಂಪಿನಲ್ಲಿ ಹೋದಾಗ ನಾನು ಬರೀ ಮುಂದಿನವರ ಬ್ಯಾಗ್ ನೋಡಿಕೊಂಡು ನಡೆದಿರುತ್ತೇನೆ. ಮನೆಗೆ ಬಂದು ಫೋಟೊ ನೋಡಿದಾಗಲೇ ಎಲ್ಲಿಗೆ ಹೋಗಿದ್ದೆ ಅಂತ ಗೊತ್ತಾಗುವುದು.

ಪಾದಯಾತ್ರಿ (ಬೇಲೂರು)

ತಂಗೀ, ನಾನು ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆಯುವವನು. ವಯಸ್ಸು ಅರವತ್ತು ದಾಟಿದೆ. ಬೆಂಗಳೂರಿನಿಂದ ಹೊರಟವರು ಸಾವಿರಾರು ಜನ ನಮ್ಮೂರ ಮೇಲೇ ಹಾದು ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ ಇಳಿದು ಹೋಗುತ್ತಾರೆ. ನಿನ್ನ ದಾರಿಯ ಅರ್ಧ ಭಾಗ ನಮ್ಮ ದಾರಿಯೇ. ಹಾಗಾಗಿ "ನಡೆದು ಹೋಗುವುದು ಹುಚ್ಚು" ಅಂತ ನಮ್ಮ ಕಡೆ ಯಾರೂ ಹೇಳುವುದಿಲ್ಲ, ಆ ಚಿಂತೆ ಬಿಡು. ಶಿವರಾತ್ರಿ ಸಮಯದಲ್ಲಿ ಹೋದರೆ ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ, ಕಲ್ಲಂಗಡಿ, ಊಟ. ಕಾಲಿಗೆ ಎಣ್ಣೆ ಹಚ್ಚುವವರೂ ಇರುತ್ತಾರೆ. ಶಾಲೆ ಜಗಲಿಯಲ್ಲಿ, ಕಲ್ಯಾಣ ಮಂಟಪದಲ್ಲಿ ಮಲಗಿದರೆ ಯಾರೂ ಏನೂ ಕೇಳುವುದಿಲ್ಲ. ಡಿಸೆಂಬರ್‌ನಲ್ಲಿ ಅದೇ ಜಗಲಿ ಮೇಲೆ ಒಬ್ಬಳೇ ಕೂತರೆ ಊರಿಗೆ ಊರೇ ಬಂದು ವಿಚಾರಿಸುತ್ತದೆ. ಕಾಳಜಿಯಿಂದಲೇ ವಿಚಾರಿಸುತ್ತಾರೆ, ಆದರೆ ಸುಸ್ತಾದಾಗ ಅದೂ ಒಂದು ಭಾರ.

ಕಾಲಿನ ಚಿಂತೆ ಇಲ್ಲ ಅಂದಿದ್ದೀಯ. ಅದನ್ನೇ ನಾನು ಒಪ್ಪುವುದಿಲ್ಲ. ಬೆಟ್ಟ ಹತ್ತುವ ಕಾಲು ಬೇರೆ, ಟಾರು ರಸ್ತೆಯಲ್ಲಿ ದಿನವಿಡೀ ನಡೆಯುವ ಕಾಲು ಬೇರೆ. ಮಣ್ಣಿನಲ್ಲಿ ಪಾದ ಒಂದೊಂದು ಹೆಜ್ಜೆಗೂ ಒಂದೊಂದು ಥರ ಊರುತ್ತದೆ. ಟಾರಿನಲ್ಲಿ ಎಲ್ಲ ಹೆಜ್ಜೆಯೂ ಒಂದೇ, ಒಂದೇ ಜಾಗಕ್ಕೆ ಪೆಟ್ಟು. ಎರಡನೇ ದಿನ ಗುಳ್ಳೆ ಏಳುತ್ತದೆ. ಹೊಸ ಶೂ ಹಾಕಿಕೊಂಡು ಹೊರಡಬೇಡ, ಹಳೆಯದೇ ಇರಲಿ, ಅರ್ಧ ಸೈಜು ದೊಡ್ಡದಿರಲಿ. ಮಧ್ಯಾಹ್ನದ ಹೊತ್ತಿಗೆ ಪಾದ ಊದಿಕೊಳ್ಳುತ್ತದೆ. ಎಲ್ಲಿ ಉರಿ ಶುರುವಾಯಿತೋ ಅಲ್ಲೇ ಕೂತು ಶೂ ಬಿಚ್ಚಿ ಪ್ಲಾಸ್ಟರ್ ಹಾಕು. "ಮುಂದಿನ ಊರಲ್ಲಿ ನೋಡಿಕೊಳ್ಳೋಣ" ಅಂದವರೆಲ್ಲ ಬಸ್ ಹತ್ತಿದ್ದನ್ನು ನೋಡಿದ್ದೇನೆ.

ರಸ್ತೆಯ ಬಲಗಡೆ ನಡೆ, ಎದುರಿನಿಂದ ಬರುವ ಗಾಡಿ ಕಾಣಬೇಕು. ನಮ್ಮ ಅಭ್ಯಾಸ ಬೆಳಗಿನ ಜಾವ ಮೂರಕ್ಕೇ ಎದ್ದು ತಂಪಿನಲ್ಲಿ ನಡೆಯುವುದು. ಬಿಸಿಲು ಏರುವುದರೊಳಗೆ ಅರ್ಧ ದಾರಿ ಮುಗಿದಿರುತ್ತದೆ.

ಆಲೂರಿನವ

ಯಜಮಾನರೇ, ಬೆಳಗಿನ ಜಾವದ ಮಾತು ಹಿಂದಕ್ಕೆ ತಗೊಳ್ಳಿ. ನಿಮ್ಮದು ನೂರು ಜನರ ಗುಂಪು, ಭಜನೆ, ಟಾರ್ಚು, ಹಿಂದೆ ಮುಂದೆ ಗಾಡಿ. ಒಬ್ಬರು ಕತ್ತಲಲ್ಲಿ ಹೋದರೆ ಅದು ಬೇರೆಯೇ ಕಥೆ.

ಪಾದಯಾತ್ರಿ (ಬೇಲೂರು)

ಸರಿ ಮಾರಾಯ, ಬೇಲೂರಿನವರೆಗೆ ಬೇಗ ಹೊರಡಲಿ, ಆಮೇಲೆ ನಿನ್ನ ಟೈಮ್ ಟೇಬಲ್.

ಕಾಫಿ ಕಣ (ಮೂಡಿಗೆರೆ)

ತೋಟದವರ ಕಡೆಯಿಂದ ಒಂದೆರಡು ಮಾತು. ಮೊಬೈಲ್ ಮ್ಯಾಪ್ ನಮ್ಮ ತೋಟದ ಒಳಗಿನ ಜೀಪ್ ದಾರಿಯನ್ನೆಲ್ಲ ರಸ್ತೆ ಅಂತ ತೋರಿಸುತ್ತದೆ. ಅದನ್ನು ನಂಬಿ ಬೆನ್ನ ಮೇಲೆ ಬ್ಯಾಗ್ ಹಾಕಿಕೊಂಡು ಒಳಗೆ ಬರುವವರು ಈಗ ಜಾಸ್ತಿ. ಸೋಲಾರ್ ಬೇಲಿ ಇರುತ್ತದೆ, ನಾಯಿ ಇರುತ್ತದೆ. ಕಾಫಿ ಕಳುವಿನ ಭಯದಿಂದ ಕಾವಲಿನವನೂ ಸಿಟ್ಟಿನಲ್ಲೇ ಇರುತ್ತಾನೆ. ಗೇಟಿನಲ್ಲಿ ನಿಂತು ರೈಟರನ್ನು (ತೋಟದ ಕೆಲಸ ನೋಡಿಕೊಳ್ಳುವವರು) ಕರೆದು ಕೇಳಿದರೆ ನೂರಕ್ಕೆ ತೊಂಬತ್ತು ಜನ ಬಿಡುತ್ತಾರೆ, ದಾರಿಯನ್ನೂ ಹೇಳುತ್ತಾರೆ.

ಒಂದು ಸಂಜೆ ಹೀಗೇ ಒಬ್ಬ ಹುಡುಗ ಬಂದ. ಉತ್ತರ ಕರ್ನಾಟಕದವನು, ದೊಡ್ಡ ಬ್ಯಾಗು, ಗಡ್ಡ, ಕಾಲಲ್ಲಿ ಇಂಬಳ ಕಚ್ಚಿದ ರಕ್ತ. ನಮ್ಮ ರೈಟರು ಅವನನ್ನು ಕಣದಲ್ಲಿ ಕೂರಿಸಿ ಆಧಾರ್ ಕಾರ್ಡ್ ಇಸ್ಕೊಂಡು ನನಗೆ ಫೋನ್ ಮಾಡಿದರು. ಹೋಗಿ ನೋಡಿದರೆ ಅವನ ಮುಖದಲ್ಲಿ ನಮಗಿಂತ ಜಾಸ್ತಿ ಭಯ! ನಾವು ಅವನನ್ನು ಕಳ್ಳ ಅಂದುಕೊಂಡಿದ್ದೆವು, ಅವನು ನಮ್ಮನ್ನು ಏನಂದುಕೊಂಡಿದ್ದನೋ. ಅಕ್ಕಿ ರೊಟ್ಟಿ ತಿಂದ ಮೇಲೆ ಇಬ್ಬರಿಗೂ ಸಮಾಧಾನ ಆಯಿತು. ಅವನು ಮಲಗಿದ್ದು ಗೋದಾಮಿನಲ್ಲಿ ಕಾಫಿ ಚೀಲಗಳ ಪಕ್ಕ. ಬೆಳಿಗ್ಗೆ ಹೊರಡುವಾಗ ದುಡ್ಡು ಕೊಡಲು ಬಂದ, ಬೈದು ಕಳಿಸಿದೆ. ಈಗಲೂ ಹಬ್ಬಕ್ಕೆ ಮೆಸೇಜ್ ಹಾಕುತ್ತಾನೆ.

ಇದನ್ನು ಹೇಳಿದ್ದಕ್ಕೆ ನಾಳೆಯಿಂದ ಎಲ್ಲರೂ ತೋಟಕ್ಕೆ ಬಂದು ಮಲಗಬೇಡಿ. ಡಿಸೆಂಬರ್ ಅರೇಬಿಕಾ ಹಣ್ಣು ಕೊಯ್ಲಿನ ಸಮಯ, ನಮಗೆ ಉಸಿರಾಡಲು ಪುರುಸೊತ್ತಿಲ್ಲ. ಆದರೆ ನಿಮಗೆ ಒಂದು ಅನುಕೂಲ ಇದೆ. ಹಗಲು ತೋಟಗಳಲ್ಲೆಲ್ಲ ಜನ ಇರುತ್ತಾರೆ. ರಸ್ತೆ ನಿರ್ಜನ ಅನ್ನಿಸುವುದಿಲ್ಲ. ಇದೇ ರಸ್ತೆ ಜುಲೈಯಲ್ಲಿ ಬೇರೆ ಪ್ರಪಂಚ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದು ರಸ್ತೆಯೇ ಬಂದ್ ಆಗಿತ್ತು, ನೆನಪಿರಬಹುದು. ಡಿಸೆಂಬರ್ ಆರಿಸಿದ್ದು ಒಳ್ಳೆಯದೇ. ಟೆಂಟ್ ಮಾತ್ರ ತರಬೇಡಿ. ಕಾಡಲ್ಲಿ ಹಾಕಿದರೆ ಅರಣ್ಯ ಇಲಾಖೆ ಕೇಸು, ತೋಟದಲ್ಲಿ ಹಾಕಿದರೆ ನಮ್ಮ ಜಗಳ.

ಊರು ಬಿಟ್ಟವ (ಅರಸೀಕೆರೆ, ಈಗ ವರ್ಜೀನಿಯಾ)

ನಾನಿರುವ ಕಡೆ ಅಮೆರಿಕದ ಅಪಲಾಚಿಯನ್ ಟ್ರೇಲ್ ಹಾದು ಹೋಗುತ್ತದೆ. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್‌ವರೆಗೆ, 14 ರಾಜ್ಯ, ಸುಮಾರು 3,500 ಕಿಲೋಮೀಟರ್ ಕಾಲುದಾರಿ. ಪೂರ್ತಿ ನಡೆಯುವವರಿಗೆ ಐದಾರು ತಿಂಗಳು ಬೇಕು. ನಾನು ವರ್ಜೀನಿಯಾದ ತುಂಡುಗಳನ್ನು ಮಾತ್ರ, ರಜೆ ಸಿಕ್ಕಾಗ, ಒಬ್ಬನೇ ನಡೆದಿದ್ದೇನೆ. ಆ ಲೆಕ್ಕದಲ್ಲಿ ಹೇಳುತ್ತೇನೆ.

ಮೊದಲ ರಾತ್ರಿಗಳಲ್ಲಿ ಪ್ರತಿ ಸದ್ದೂ ಕರಡಿ. ಎದ್ದು ಲೈಟ್ ಹಾಕಿದರೆ ಇಲಿ. ಅಲ್ಲಿನ ತಂಗುಮನೆಗಳಲ್ಲಿ ಇಲಿ ಕಾಟ ವಿಪರೀತ, ಊಟದ ಚೀಲವನ್ನು ಮೇಲಕ್ಕೆ ನೇತುಹಾಕಿಯೇ ಮಲಗಬೇಕು. ಈ ಭಯ ಬೇಗ ಹೋಗುತ್ತದೆ. ಮೈ ದಣಿದರೆ ನಿದ್ದೆ ಯಾರನ್ನೂ ಕೇಳದೆ ಬರುತ್ತದೆ.

ಯಾರೂ ಮೊದಲೇ ಹೇಳದಿದ್ದದ್ದು ಹಗಲಿನ ವಿಷಯ. ಒಬ್ಬರೇ ಗಂಟೆಗಟ್ಟಲೆ ನಡೆಯುವಾಗ ತಲೆಗೆ ಕೆಲಸ ಇರುವುದಿಲ್ಲ. ಆಗ ಅದು ಹಳೇ ಜಗಳಗಳನ್ನೆಲ್ಲ ತೆಗೆಯುತ್ತದೆ. ಅಣ್ಣನ ಜೊತೆ ಆಸ್ತಿ ವಿಚಾರಕ್ಕೆ ಆಡಿದ ಮಾತು, ಕಾಲೇಜಿನಲ್ಲಿ ಯಾರೋ ಅಂದ ಒಂದು ಮಾತು, ಅದಕ್ಕೆ ನಾನು ಆಗ ಕೊಡಬೇಕಾಗಿದ್ದ ಉತ್ತರ. ಬೆಟ್ಟದ ಮಧ್ಯೆ ಗಟ್ಟಿಯಾಗಿ ಜಗಳ ಆಡಿದ್ದೇನೆ, ಎದುರಿಗೆ ಯಾರೂ ಇಲ್ಲದೆ. ಎದುರಿನಿಂದ ಬಂದ ಅಜ್ಜಿಯೊಬ್ಬರು ನೋಡಿ ನಕ್ಕು ಮುಂದೆ ಹೋದರು. ಅವರಿಗೂ ಗೊತ್ತಿದ್ದಿರಬೇಕು. ಇದು ಒಂದೆರಡು ದಿನ ಜೋರಾಗಿರುತ್ತದೆ. ಆಮೇಲೆ ತಲೆಗೇ ಬೇಜಾರಾಗಿ ಸುಮ್ಮನಾಗುತ್ತದೆ. ಆ ಸುಮ್ಮನಾದ ಮೇಲಿನ ನಡಿಗೆ ಇದೆಯಲ್ಲ, ಅದಕ್ಕಾಗಿಯೇ ನಾನು ಮತ್ತೆ ಮತ್ತೆ ಹೋಗುವುದು. ನೀರು ಎಲ್ಲಿ, ನೆರಳು ಎಲ್ಲಿ, ರಾತ್ರಿ ಎಲ್ಲಿ, ಇಷ್ಟೇ ಪ್ರಶ್ನೆ. ಬೇರೆ ಯಾವ ರಜೆಯಲ್ಲೂ ನನಗೆ ಅದು ಸಿಕ್ಕಿಲ್ಲ.

ವಾಪಸ್ ಬಂದರೆ ನಗುತ್ತಾರೆ ಅಂದಿರಲ್ಲ. ಆ ಟ್ರೇಲ್ ಪೂರ್ತಿ ಮಾಡುತ್ತೇನೆ ಅಂತ ಹೊರಟವರಲ್ಲಿ ನಾಲ್ಕರಲ್ಲಿ ಒಬ್ಬರಷ್ಟೇ ಮುಗಿಸುತ್ತಾರೆ. ಉಳಿದವರ ಬಗ್ಗೆ ಅಲ್ಲಿ ಯಾರೂ ನಗುವುದಿಲ್ಲ. ಎಮ್ಮಾ ಗೇಟ್‌ವುಡ್ ಅಂತ ಒಬ್ಬ ಅಜ್ಜಿ. ಹನ್ನೊಂದು ಮಕ್ಕಳ ತಾಯಿ. 1954ರಲ್ಲಿ ಮೇನ್ ಕಡೆಯಿಂದ ಶುರು ಮಾಡಿ ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು ಮನೆಗೆ ಮರಳಿದರು. ಮರುವರ್ಷ ಜಾರ್ಜಿಯಾದಿಂದ ಹೊರಟು ಪೂರ್ತಿ ಮಾಡಿದರು. ಆಗ ವಯಸ್ಸು 67. ಟೆಂಟ್ ಇಲ್ಲ. ಹೆಗಲಿಗೆ ತಾವೇ ಹೊಲಿದ ಬಟ್ಟೆ ಚೀಲ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ, ಕಾಲಿಗೆ ಕ್ಯಾನ್ವಾಸ್ ಶೂ. ಆ ದಾರಿಯನ್ನು ಒಬ್ಬರೇ ಒಂದೇ ಸಲಕ್ಕೆ ಮುಗಿಸಿದ ಮೊದಲ ಹೆಂಗಸು ಅವರೇ.

ಒಂದು ಎಚ್ಚರಿಕೆ. ಅಲ್ಲಿ ಜನ ಸೋತು ಬಿಡುವುದು ಕಾಡಿನಲ್ಲಲ್ಲ, ಊರಿನಲ್ಲಿ. ಬಿಸಿ ನೀರು, ಹಾಸಿಗೆ, ಟಿವಿ ಸಿಕ್ಕಲ್ಲಿ. ನಿಮ್ಮ ದಾರಿಯ ಮಧ್ಯೆ ಹಾಸನ ಬರುತ್ತದೆ, ಅಂದರೆ ನಿಮ್ಮ ಮನೆಯೇ. ಆನೆಗಿಂತ ಅದರ ಬಗ್ಗೆ ಹುಷಾರು.

ಇನ್ನೊಂದು. ಇಲ್ಲಿನ ವಿಡಿಯೊ ನೋಡಿ ಸ್ಯಾಟಲೈಟ್ ಮೆಸೆಂಜರ್ (ಸಿಗ್ನಲ್ ಇಲ್ಲದ ಕಡೆ ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಾಧನ) ತರಿಸಿಕೊಳ್ಳಬೇಡಿ. ಭಾರತದಲ್ಲಿ ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ. ವಿಮಾನ ನಿಲ್ದಾಣದಲ್ಲಿ ವಿದೇಶಿ ಪ್ರವಾಸಿಗರನ್ನೇ ಹಿಡಿದಿದ್ದಾರೆ.

ಜಡಿಮಳೆ (ಕೊಪ್ಪ)

ಇಷ್ಟು ಹೊತ್ತು ಗಂಡಸರೇ ಮಾತಾಡಿದರು, ಒಳ್ಳೆಯದೇ ಹೇಳಿದರು. ಈಗ ನಾನು ಹೇಳುತ್ತೇನೆ. ನಾನು ಶಾಲೆ ಟೀಚರ್. ಬೇಸಿಗೆ ರಜೆ, ದಸರಾ ರಜೆಯಲ್ಲಿ ಮಲೆನಾಡಿನ ರಸ್ತೆಗಳಲ್ಲಿ ಒಬ್ಬಳೇ ನಡೆಯುತ್ತೇನೆ.

"ಒಬ್ಬರೇನಾ?" ಅನ್ನುವ ಪ್ರಶ್ನೆ ದಿನಕ್ಕೆ ಇಪ್ಪತ್ತು ಸಲ ಬರುತ್ತದೆ. ಹೆಂಗಸರು ಕೇಳಿದರೆ ನಿಜ ಹೇಳಿ. ಬೈಕ್ ನಿಲ್ಲಿಸಿ ಗಂಡಸರು ಕೇಳಿದರೆ "ಅಣ್ಣ ಮುಂದಿನ ಸ್ಟಾಪಿನಲ್ಲಿ ಕಾಯುತ್ತಿದ್ದಾನೆ" ಅನ್ನಿ. ನನಗೆ ಇಲ್ಲದ ಅಣ್ಣ ಮಲೆನಾಡಿನ ಎಲ್ಲ ಬಸ್ ಸ್ಟಾಪಿನಲ್ಲೂ ಕಾದಿದ್ದಾನೆ. ಸುಳ್ಳು ಹೇಳಿದೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಇಂಥವರು ಕಡಿಮೆ, ಆದರೆ ಸೊನ್ನೆ ಅಲ್ಲ. ಬಹಳ ಸಲ ಬೈಕ್ ನಿಲ್ಲಿಸಿದವರು ನಿಜಕ್ಕೂ ಡ್ರಾಪ್ ಕೊಡಲು ನಿಂತಿರುತ್ತಾರೆ. ಯಾರು ಯಾವ ಥರ ಅಂತ ನಿಂತು ಯೋಚಿಸುವ ಅಗತ್ಯ ನಿಮಗಿಲ್ಲ. ಅಣ್ಣ ಕಾಯುತ್ತಿದ್ದಾನೆ, ಅಷ್ಟೇ.

ರಾತ್ರಿ ವಿಷಯ. ಒಂದು ಊರಲ್ಲಿ ಲಾಡ್ಜಿನವರು ಒಬ್ಬಳೇ ಹೆಂಗಸಿಗೆ ರೂಮ್ ಕೊಡುವುದಿಲ್ಲ ಅಂದರು. ಸಂಜೆ ಆರೂವರೆ. ಆವತ್ತು ಆದ ಸಿಟ್ಟು ಇನ್ನೂ ಇದೆ. ಅದಾದ ಮೇಲೆ ನಾನು ಹಿಂದಿನ ದಿನವೇ ಫೋನ್ ಮಾಡಿ ಗಟ್ಟಿ ಮಾಡಿಕೊಂಡು ಹೋಗುತ್ತೇನೆ. ಹೋಂ ಸ್ಟೇ ಆದರೆ ಮನೆಯವರು ಅಲ್ಲೇ ಇರುತ್ತಾರಾ ಅಂತ ಕೇಳಿ, ಫೋನಿನಲ್ಲಿ ಮನೆಯ ಹೆಂಗಸಿನ ಜೊತೆ ಒಂದು ಮಾತಾಡಿ. ನಿಮ್ಮ ದಾರಿಯಲ್ಲಿ ಶ್ರವಣಬೆಳಗೊಳ, ಹೊರನಾಡು, ಶೃಂಗೇರಿ ಮೂರೂ ಯಾತ್ರೆ ಸ್ಥಳಗಳು. ಉಳಿಯಲು ವ್ಯವಸ್ಥೆ ಇದೆ, ಹೊರನಾಡು, ಶೃಂಗೇರಿಯಲ್ಲಿ ಊಟವೂ ದೇವಸ್ಥಾನದಲ್ಲೇ. ಆದರೆ ಒಬ್ಬರಿಗೇ ರೂಮ್ ಕೊಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಕಷ್ಟ ಇರುವುದು ಮೂಡಿಗೆರೆಯಿಂದ ಕಳಸದ ಮಧ್ಯೆ. ಅಲ್ಲಿ ಮೊದಲೇ ಗೊತ್ತು ಮಾಡಿಕೊಳ್ಳದೆ ಹೋಗಲೇಬೇಡಿ. ತೀರಾ ಸಿಕ್ಕಿಹಾಕಿಕೊಂಡರೆ ಆಶಾ ಕಾರ್ಯಕರ್ತೆ ಮನೆ ಎಲ್ಲಿ ಅಂತ ಕೇಳಿ. ಹೆಚ್ಚಿನ ಹಳ್ಳಿಗಳಲ್ಲಿ ಇರುತ್ತಾರೆ, ಊರಿನವರಿಗೆಲ್ಲ ಗೊತ್ತಿರುತ್ತಾರೆ.

ಶೌಚಕ್ಕೆ ಪೆಟ್ರೋಲ್ ಬಂಕು, ಬಸ್ ಸ್ಟ್ಯಾಂಡು. ಹೋಗಲು ಜಾಗ ಇಲ್ಲ ಅಂತ ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ, ನಾವು ಹೆಂಗಸರು ಎಲ್ಲರೂ ಮಾಡುವ ಕೆಲಸ ಅದು. ಮುಟ್ಟಿನ ದಿನ ಲೆಕ್ಕ ಹಾಕಿ, ಆ ದಿನ ಒಂದು ಊರಲ್ಲಿ ಸುಮ್ನೆ ಇದ್ದುಬಿಡಿ.

ಇನ್ನು ಧೈರ್ಯದ ವಿಷಯ. ನನಗೆ ಧೈರ್ಯ ಕೊಟ್ಟಿದ್ದು ಕೆಂಪು ಬಸ್. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಎಲ್ಲೇ ಸಾಕು ಅನ್ನಿಸಿದರೂ ಕೈ ತೋರಿಸಿ ಹತ್ತಿ ಆಧಾರ್ ತೋರಿಸಿದರೆ ಸಾಕು. ಕೈಯಲ್ಲಿ ದುಡ್ಡಿಲ್ಲದಿದ್ದರೂ ಮನೆ ಸೇರಬಹುದು ಅಂತ ಗೊತ್ತಿದ್ದರೆ ಮುಂದಕ್ಕೆ ಹೋಗುವುದು ಸುಲಭ. ಆದರೆ ಕಳಸ, ಕೊಪ್ಪ, ಶೃಂಗೇರಿ ಕಡೆ ಖಾಸಗಿ ಬಸ್ಸೇ ಜಾಸ್ತಿ. ಅಲ್ಲಿ ಟಿಕೆಟ್ ತಗೊಳ್ಳಬೇಕು, ಚಿಲ್ಲರೆ ಇಟ್ಟುಕೊಳ್ಳಿ.

ಕಳಸದಿಂದ ಶೃಂಗೇರಿಗೆ ಕುದುರೆಮುಖದ ರಸ್ತೆ ಹಿಡಿಯಬೇಡಿ. ಅದು ರಾಷ್ಟ್ರೀಯ ಉದ್ಯಾನದ ಒಳಗೆ ಹೋಗುತ್ತದೆ, ಚೆಕ್‌ಪೋಸ್ಟ್ ಇದೆ, ನಡೆದು ಹೋಗುವ ದಾರಿ ಅದಲ್ಲ. ಬಸರಿಕಟ್ಟೆ, ಜಯಪುರ ಮೇಲೆ ಬನ್ನಿ. ಊರುಗಳಿವೆ, ಜನ ಇದ್ದಾರೆ.

ಏನು ಸಿಗುತ್ತದೆ ಅಂತಲೂ ಹೇಳಿಬಿಡುತ್ತೇನೆ. ಬಸ್ಸಿನಲ್ಲಿ ಕೂತು ಹಾಸನ ಬಿಟ್ಟರೆ ಎಚ್ಚರ ಆಗುವಾಗ ಮಲೆನಾಡು ಬಂದಿರುತ್ತದೆ. ನಡೆದರೆ ತೆಂಗು ಎಲ್ಲಿ ಕಡಿಮೆಯಾಯಿತು, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಎಲ್ಲಿ ಶುರುವಾಯಿತು, ಯಾವ ಹೋಟೆಲಿನ ನಂತರ ಮುದ್ದೆ ಹೋಗಿ ಕಡುಬು ಬಂತು, ಎಲ್ಲ ಕಾಣುತ್ತದೆ. ನಿಮ್ಮ ಹೆಸರಿನಲ್ಲಿರುವ ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ತಿರ. ಅಲ್ಲಿಯವರೆಗೆ ನೀವು ದಾಟಿದ ಹಳ್ಳಗಳೆಲ್ಲ ಹೆಚ್ಚುಕಡಿಮೆ ಕಾವೇರಿಗೆ ಹೋಗುವ ನೀರು. ಕಳಸ ಮುಟ್ಟುವ ಹೊತ್ತಿಗೆ ಪಕ್ಕದಲ್ಲಿ ಭದ್ರಾ, ಶೃಂಗೇರಿಯಲ್ಲಿ ತುಂಗಾ, ಎರಡೂ ಕೃಷ್ಣೆಗೆ ಸೇರುವವು. ಮಧ್ಯೆ ಯಾವುದೋ ಒಂದು ತಿರುವಿನಲ್ಲಿ ನೀರು ದಿಕ್ಕು ಬದಲಿಸಿರುತ್ತದೆ. ಭೂಗೋಳ ಪಾಠ ಮಾಡುವ ನನಗೆ ಅದು ಕಾಲಿಗೆ ಗೊತ್ತಾದಾಗ ಆದ ಖುಷಿ ದೊಡ್ಡದು.

ಮಾತ್ರೆ ಚೀಟಿ

ಆರೋಗ್ಯ ಇಲಾಖೆಯಲ್ಲಿ ಇದ್ದೇನೆ. ಒಂದೇ ವಿಷಯ, ಮಂಗನ ಕಾಯಿಲೆ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಕೊಪ್ಪ, ಎನ್.ಆರ್.ಪುರ, ಶೃಂಗೇರಿ ಕಡೆ ಕೇಸ್ ಬರುತ್ತವೆ. ಹರಡುವುದು ಉಣ್ಣೆಯಿಂದ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಸಣ್ಣ ಹುಳುವಿನಿಂದ. ತರಗೆಲೆ ಮೇಲೆ ಕೂತು ಸುಧಾರಿಸಿಕೊಳ್ಳಬೇಡಿ, ಉದ್ದ ಪ್ಯಾಂಟು ಹಾಕಿ ಕಾಲುಚೀಲದೊಳಗೆ ಸಿಕ್ಕಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಣ್ಣೆ ಹತ್ತದಂತೆ ತಡೆಯುವ ಡೇಪಾ ಎಣ್ಣೆ ಕೇಳಿ, ಕೈಕಾಲಿಗೆ ಹಚ್ಚಿ. ಸಂಜೆ ಸ್ನಾನ ಮಾಡುವಾಗ ಮೈ ಪೂರ್ತಿ ನೋಡಿಕೊಳ್ಳಿ. ಮಂಗ ಸತ್ತಿದೆ ಅನ್ನುವ ಸುದ್ದಿ ಇರುವ ಜಾಗಕ್ಕೆ ಹೋಗಬೇಡಿ. ಊರಿಗೆ ಹೋದ ಮೇಲೆ ಒಂದು ವಾರದಲ್ಲಿ ಜೋರು ಜ್ವರ, ತಲೆನೋವು ಬಂದರೆ ಡಾಕ್ಟರಿಗೆ ಮಲೆನಾಡಿನಲ್ಲಿ ನಡೆದಿದ್ದೆ ಅಂತ ಹೇಳಿ. ಹಾಸನದ ಕ್ಲಿನಿಕ್‌ನಲ್ಲಿ ಅದು ತಟ್ಟನೆ ಹೊಳೆಯದೆ ಇರಬಹುದು.

ಹಾವು ಕಚ್ಚಿದರೆ ಕಟ್ಟು ಹಾಕುವುದು, ಕೊಯ್ಯುವುದು ಬೇಡ. 108ಕ್ಕೆ ಫೋನ್ ಮಾಡಿ.

ಸುಮ್ನೆ ಕೇಳ್ದೆ

ಆನೆ, ಉಣ್ಣೆ, ಹಾವು, ಲಾರಿ, ಲಾಡ್ಜು. ಇಷ್ಟೆಲ್ಲ ಓದಿದ ಮೇಲೂ ಹೋಗುತ್ತೀರಾ?

ಹೇಮಾವತಿ ನೀರು (ಹಾಸನ)

ಹೋಗುತ್ತೇನೆ. ವಿಚಿತ್ರ ಅಂದರೆ ಈಗ ಭಯ ಕಡಿಮೆಯಾಗಿದೆ. ಮೊದಲು ಎಲ್ಲ ಸೇರಿ ಒಂದೇ ಮುದ್ದೆಯಾಗಿ ಕೂತಿತ್ತು. ಈಗ ಆನೆಗೆ ಇದು, ಲಾಡ್ಜಿಗೆ ಇದು ಅಂತ ಬಿಡಿ ಬಿಡಿಯಾಗಿದೆ. ಬ್ಯಾಗ್ ತೂಕ ಎಷ್ಟಿರಬೇಕು?

ಊರು ಬಿಟ್ಟವ (ಅರಸೀಕೆರೆ, ಈಗ ವರ್ಜೀನಿಯಾ)

ನಿಮ್ಮ ತೂಕದ ಐದನೇ ಒಂದು ಭಾಗ ದಾಟಬಾರದು ಅನ್ನುವುದು ಸಾಮಾನ್ಯ ಲೆಕ್ಕ. ಟೆಂಟ್, ಒಲೆ ಇಲ್ಲದ ನಿಮಗೆ ಅದರ ಅರ್ಧ ಸಾಕು. ಎರಡು ಜೊತೆ ಬಟ್ಟೆ, ಸ್ವೆಟರ್, ರೇನ್‌ಕೋಟ್, ಪ್ಲಾಸ್ಟರ್, ಟಾರ್ಚ್, ಪವರ್ ಬ್ಯಾಂಕ್. "ಬೇಕಾಗಬಹುದು" ಅಂತ ಹಾಕಿದ್ದನ್ನೆಲ್ಲ ಹೊರಗೆ ತೆಗೆಯಿರಿ. ಭಯ ಇದ್ದಷ್ಟೂ ಬ್ಯಾಗ್ ಭಾರ ಆಗುತ್ತದೆ.

ಪಾದಯಾತ್ರಿ (ಬೇಲೂರು)

ಹೊರಡುವ ಮುಂಚೆ ಅದೇ ಬ್ಯಾಗು ಹೊತ್ತು ಒಂದು ಭಾನುವಾರ ಹಾಸನದಿಂದ ದೊಡ್ಡಗದ್ದವಳ್ಳಿ ಗುಡಿಯವರೆಗೆ ನಡೆದು ನೋಡು. ಅಲ್ಲಿ ಗೊತ್ತಾಗದ್ದು ಯಾವುದೂ ಇಲ್ಲ.

ಹೇಮಾವತಿ ನೀರು (ಹಾಸನ)

ಡಿಸೆಂಬರ್. ಬೇಲೂರಿನಿಂದ ಬರೆಯುತ್ತಿದ್ದೇನೆ!

ಚನ್ನರಾಯಪಟ್ಟಣದಿಂದ ಹಾಸನದ ಹೆದ್ದಾರಿ ಇಡೀ ಪ್ರಯಾಣದ ಕೆಟ್ಟ ಭಾಗ. ಲಾರಿ ಹೋದಾಗ ಗಾಳಿಗೇ ಒಂದು ಹೆಜ್ಜೆ ಪಕ್ಕಕ್ಕೆ ಹೋಗುತ್ತೇನೆ. ಯಾರಿಗೂ ಶಿಫಾರಸು ಮಾಡುವುದಿಲ್ಲ.

ಅರಸೀಕೆರೆ ಅಣ್ಣ ಹೇಳಿದ್ದು ನಿಜ. ಹಾಸನದಲ್ಲಿ ಮನೆಗೆ ಹೋಗಿ ಮಲಗಿದೆ. ಅಮ್ಮ ಬಿಸಿ ನೀರು ಕಾಯಿಸಿ, ಕಾಲಿಗೆ ಎಣ್ಣೆ ಹಚ್ಚಿ, "ಸಾಕು ಬಿಡೇ, ನಡೆದಿದ್ದಾಯಿತಲ್ಲ" ಅಂದರು. ಬೆಳಿಗ್ಗೆ ನನ್ನದೇ ಹಾಸಿಗೆಯಿಂದ ಎದ್ದು ನನ್ನದೇ ಗೇಟು ತೆಗೆದು ಹೊರಡುವುದು ಇದೆಯಲ್ಲ, ಶ್ರವಣಬೆಳಗೊಳದಲ್ಲಿ ಹೊರಟಿದ್ದಕ್ಕಿಂತ ಹತ್ತು ಪಟ್ಟು ಕಷ್ಟ ಆಯಿತು. ಪಕ್ಕದ ಮನೆ ಆಂಟಿ ಬ್ಯಾಗ್ ನೋಡಿ "ಯಾವ ಊರಿಗಮ್ಮಾ?" ಅಂದರು. ಶೃಂಗೇರಿಗೆ ಅಂದೆ. "ಎಷ್ಟೊತ್ತಿಗೆ ಬಸ್ಸು?" ಅಂದರು. ಈಗ ಹೋಯಿತು ಅಂದುಬಿಟ್ಟೆ.

ಹಗರೆ ದಾಟುವ ಹೊತ್ತಿಗೆ ಹಳೇ ಜಗಳಗಳು ಶುರುವಾದವು. ನಾನೂ ಗಟ್ಟಿಯಾಗಿಯೇ ಆಡಿದೆ. ಮೇಯುತ್ತಿದ್ದ ಎಮ್ಮೆ ತಲೆ ಎತ್ತಿ ನೋಡಿತು.

ಆಲೂರಿನವ

ನಾಳೆಯಿಂದ ಟೀ ಅಂಗಡಿ ನಿಯಮ ಮರೆಯಬೇಡಿ.

ಹೇಮಾವತಿ ನೀರು (ಹಾಸನ)

ಕಳಸದಲ್ಲಿದ್ದೇನೆ. ಮೂಡಿಗೆರೆಗೆ ಬರುವ ದಾರಿಯಲ್ಲಿ ಟೀ ಅಂಗಡಿಯವರು, ಮುಂದಿನ ತಿರುವಿನ ತೋಟದಲ್ಲಿ ಆನೆಗಳಿವೆ, ನಡೆಯಬೇಡಿ ಅಂದರು. ಬಸ್ ಹತ್ತಿದೆ, ಮುಂದಿನ ಊರಲ್ಲಿ ಇಳಿದು ಮತ್ತೆ ನಡೆದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ಎಷ್ಟು ತಿಂದೆ ಅಂತ ಕೇಳಬೇಡಿ. ಅಲ್ಲಿಂದ ಕಳಸದ ರಸ್ತೆಯಲ್ಲಿ ಕಾಫಿ ಕೊಯ್ಯುವ ಹೆಂಗಸರು ಕರೆದು ಕೂರಿಸಿ ತಮ್ಮ ಬುತ್ತಿಯಿಂದ ರೊಟ್ಟಿ ಕೊಟ್ಟರು. ಅವರೂ ಮನೆ ಬಿಟ್ಟು ದೂರದಿಂದ ಬಂದವರೇ. "ಒಬ್ಬಳೇನಾ?" ಅಂತ ಕೇಳದೇ ಇದ್ದವರು ದಾರಿಯಲ್ಲಿ ಅವರು ಮಾತ್ರ.

ನಾಳೆ ಹೊರನಾಡಿಗೆ ಹೋಗಿ ವಾಪಸ್ ಕಳಸ, ಆಮೇಲೆ ಬಸರಿಕಟ್ಟೆ ದಾರಿ. ಎಡ ಹಿಮ್ಮಡಿಯಲ್ಲಿ ಒಂದು ಗುಳ್ಳೆ ಇದೆ.

ಸುಮ್ನೆ ಕೇಳ್ದೆ

ಮಧ್ಯೆ ಬಸ್ ಹತ್ತಿದರೆ ಪೂರ್ತಿ ನಡೆದ ಹಾಗೆ ಆಯಿತಾ?

ಆಲೂರಿನವ

ಆಯಿತು. ಬೇಕಾದರೆ ಆ ತುಂಡು ನೀವು ಬಂದು ನಡೆಯಿರಿ, ನಾನು ದಾರಿ ತೋರಿಸುತ್ತೇನೆ.

ಪಾದಯಾತ್ರಿ (ಬೇಲೂರು)

ಗುಳ್ಳೆ ಒಡೆಯಬೇಡ ತಂಗಿ. ಸುತ್ತ ಪ್ಲಾಸ್ಟರ್ ಹಾಕಿ, ನಾಳೆ ಹೊರನಾಡಿಗೆ ಚಪ್ಪಲಿಯಲ್ಲಿ ಹೋಗು, ಹತ್ತು ಕಿಲೋಮೀಟರ್ ಒಳಗೇ ಇದೆ.

ಜಡಿಮಳೆ (ಕೊಪ್ಪ)

ಜಯಪುರದಲ್ಲಿ ನಮ್ಮ ಶಾಲೆಯ ಟೀಚರ್ ಒಬ್ಬರ ಮನೆಯಲ್ಲಿ ಉಳಿಯಲು ಹೇಳಿದ್ದೇನೆ. ನಾನೂ ಅಲ್ಲಿಗೆ ಬರುತ್ತೇನೆ. ವಿಳಾಸ ಖಾಸಗಿ ಮೆಸೇಜಿನಲ್ಲಿದೆ. ಆ ರಾತ್ರಿಗೆ ಊಟ ಕಟ್ಟಿಸಿಕೊಂಡು ಬರಬೇಡಿ, ಅವರಿಗೆ ಕೋಪ ಬರುತ್ತದೆ.